ಸ್ಟೇರಿಂಗ್ ರ‍್ಯಾಕ್ ಬೂಟ್: ಕಂಪೆನಿಯದ್ದೋ, ಲೋಕಲ್ಲೋ, ಯೂನಿವರ್ಸಲ್ಲೋ?

ಮೇ ತಿಂಗಳಲ್ಲಿ ಕಾರನ್ನು ರ‍್ಯಾಂಪಿಗೆ ಏರಿಸಿದಾಗ ಮಂಗಳೂರು, ಉಡುಪಿ ಕಡೆಯ ಗ್ಯಾರೇಜುಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಸ್ಟೇರಿಂಗ್ ಬೂಟ್ ಹರಿದಿದೆ, ಲೋಕಲ್ ಹಾಕುವುದಾ, ಕಂಪೆನಿಯದ್ದು ತರಿಸುವುದಾ?" ಸ್ಟೇರಿಂಗ್ ತಿರುಗಿಸಿದಾಗ ಎಡಬಲ ಸರಿದು ಮುಂದಿನ ಚಕ್ರಗಳನ್ನು ತಿರುಗಿಸುವ ಭಾಗ ರ‍್ಯಾಕ್, ಅದರ ತುದಿಗಳಿಗೆ ನೀರು, ಮಣ್ಣು ಹೋಗದಂತೆ ಮುಚ್ಚುವ ರಬ್ಬರಿನ ಮುಸುಕೇ ಈ ಬೂಟ್. ಶೋರೂಮಿನಲ್ಲಿ ವಿಚಾರಿಸಿದರೆ ಕೆಲವು ಮಾದರಿಗಳಿಗೆ ಬೂಟ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ರ‍್ಯಾಕನ್ನೇ ಕೊಳ್ಳಬೇಕು ಎನ್ನುತ್ತಾರೆ. ಆನ್‌ಲೈನಿನಲ್ಲಿ ನೋಡಿದರೆ ಎಲ್ಲ ಕಾರಿಗೂ ಆಗುವ ಬೂಟ್ ಎಂಬ ಜಾಹೀರಾತು. ಮೂರಕ್ಕೂ ಬೆಲೆಯಲ್ಲಿ ಅಜಗಜಾಂತರ. ಬರೀ ಕಾರಿನ ಹೆಸರು ಹೇಳಿ ಕೊಂಡ ಬೂಟ್ ಕೂರದೆ ಹೋಗುವುದು ಮಾಮೂಲಿ. ಅಳತೆ ಹಿಡಿದುಕೊಂಡು ಹೋದವರಿಗೆ ಅಗ್ಗದ್ದರಲ್ಲೂ ಸರಿಯಾದದ್ದು ಸಿಗುತ್ತದೆ.

ಹರಿದದ್ದು ಯಾವ ಬೂಟ್ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಪ್ಪ ಶಾಫ್ಟಿನ ಮೇಲಿರುವುದು ಆಕ್ಸಲ್ ಬೂಟ್. ಅದು ತಿರುಗುತ್ತಲೇ ಇರುವುದರಿಂದ ಹರಿದರೆ ಕಪ್ಪು ಗ್ರೀಸ್ ರಿಮ್ಮಿನ ಒಳಬದಿಗೆಲ್ಲ ಸಿಡಿದಿರುತ್ತದೆ. ರ‍್ಯಾಕ್ ಬೂಟ್ ಅದಕ್ಕಿಂತ ಸಪೂರ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ. ಒಂದು ತುದಿ ರ‍್ಯಾಕಿನ ಹೌಸಿಂಗಿಗೆ (ಹೊರಗಿನ ಲೋಹದ ಕವಚಕ್ಕೆ), ಇನ್ನೊಂದು ತುದಿ ಚಕ್ರದ ಕಡೆ ಹೋಗುವ ಟೈ ರಾಡಿಗೆ. ಇದು ತಿರುಗುವುದಿಲ್ಲ, ಹಿಗ್ಗಿ ಕುಗ್ಗುತ್ತದೆ ಅಷ್ಟೆ. ಹಾಗಾಗಿ ಹರಿದರೂ ಎಲ್ಲಿಯೂ ಗ್ರೀಸ್ ಸಿಡಿಯುವುದಿಲ್ಲ, ಶಬ್ದವೂ ಬರುವುದಿಲ್ಲ. ಒಳಗಿನ ರ‍್ಯಾಕ್ ಎಂಡಿನ (ಟೈ ರಾಡನ್ನು ರ‍್ಯಾಕಿಗೆ ಸೇರಿಸುವ ಕೀಲಿನ) ಗುಂಡು ಸವೆದು ಕಟಕಟ ಅನ್ನುವವರೆಗೆ ಹೆಚ್ಚಿನವರಿಗೆ ಗೊತ್ತೇ ಆಗದು.

ಕರಾವಳಿಯಲ್ಲಿ ಇದು ಬೇಗ ಕೆಡುವುದಕ್ಕೆ ಕಾರಣಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಕ್ರದಡಿಯಿಂದ ನೀರು ಹೊಡೆಯುತ್ತಲೇ ಇರುತ್ತದೆ. ಕೆಂಪು ಕಲ್ಲಿನ ನುಣ್ಣನೆಯ ಮಣ್ಣು ಮಡಿಕೆಗಳ ತಳದಲ್ಲಿ ಕೂತು ರಬ್ಬರನ್ನು ಉಜ್ಜುತ್ತದೆ. ಮಲ್ಪೆ, ಪಣಂಬೂರು, ಮರವಂತೆಯಂಥ ಕಡಲಬದಿಯಲ್ಲಿ ಓಡುವ ಗಾಡಿಗಳಲ್ಲಿ ಬೂಟನ್ನು ಬಿಗಿದಿಡುವ ಕ್ಲಿಪ್ಪು ರಬ್ಬರಿಗಿಂತ ಮೊದಲೇ ತುಕ್ಕು ತಿಂದಿರುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದಿರಲೆಂದು ಗಾಡಿಯ ಅಡಿಗೆ ಹಳೆಯ ಇಂಜಿನ್ ಆಯಿಲ್, ಡೀಸೆಲ್ ಹೊಡೆಸುವ ಅಭ್ಯಾಸ. ಚಾಸಿಗೆ ಅದು ಒಳ್ಳೆಯದಿರಬಹುದು, ರಬ್ಬರಿಗೆ ಅಲ್ಲ. ಆಯಿಲ್ ತಡೆಯದ ರಬ್ಬರಾದರೆ ಬೂಟ್ ಊದಿ, ಮೆತ್ತಗಾಗಿ, ಕ್ಲಿಪ್ಪಿನಿಂದ ಜಾರುತ್ತದೆ. ಹೊಡೆಸುವುದೇ ಆದರೆ ಬೂಟುಗಳಿಗೆ ಪ್ಲಾಸ್ಟಿಕ್ ಸುತ್ತಿಸಿ. ಕಪ್ಪು ಅಂಡರ್‌ಕೋಟಿಂಗಿಗೂ ಇದೇ ಮಾತು: ಬೂಟಿನ ಮೇಲೆ ಒಣಗಿ ಗಟ್ಟಿಯಾದರೆ ಮಡಿಕೆ ಬಿಚ್ಚಿಕೊಳ್ಳುವ ಬದಲು ಸೀಳುತ್ತದೆ.

ಕೊಳ್ಳುವ ಮುನ್ನ ಒಳಗೆ ನೋಡಿ

ಎಷ್ಟು ಖರ್ಚು ಮಾಡಬೇಕೆಂಬುದು ಬೂಟಿನ ಒಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಮುಂದಿನ ಚಕ್ರಗಳನ್ನು ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ದೊಡ್ಡ ಕ್ಲಿಪ್ ಬಿಚ್ಚಿ ಬೂಟನ್ನು ಹಿಂದಕ್ಕೆ ಸರಿಸಿ. ಗ್ರೀಸ್ ಇನ್ನೂ ತನ್ನ ಬಣ್ಣದಲ್ಲೇ ಇದ್ದರೆ ಬೂಟ್ ಬದಲಿಸಿದರೆ ಸಾಕು. ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಎಂದರ್ಥ: ಹಳೆಯ ಗ್ರೀಸನ್ನು ಪೂರ್ತಿ ಒರೆಸಿ, ಹೊಸದನ್ನು ತೆಳ್ಳಗೆ ಸವರಬೇಕು. ಆಮೇಲೆ ಚಕ್ರವನ್ನು ಎಡಬಲ ಬದಿಗಳಲ್ಲಿ, ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಒಬ್ಬರು ಅಲುಗಿಸಲಿ, ಇನ್ನೊಬ್ಬರು ರ‍್ಯಾಕ್ ಎಂಡಿನ ಗುಂಡಿನ ಮೇಲೆ ಬೆರಳಿಟ್ಟು ನೋಡಲಿ. ಅಲ್ಲಿ ಪ್ಲೇ (ಸಡಿಲ) ಸಿಕ್ಕಿದರೆ ಬರೀ ಬೂಟ್ ಹಾಕುವುದು ದುಡ್ಡು ದಂಡ. ರ‍್ಯಾಕ್ ಎಂಡನ್ನೂ ಸೇರಿಸಿ ಬದಲಿಸಿ, ಏಕೆಂದರೆ ಎರಡಕ್ಕೂ ಬಿಚ್ಚುವ ಕೆಲಸ ಹೆಚ್ಚುಕಡಿಮೆ ಒಂದೇ, ಅಲೈನ್‌ಮೆಂಟ್ ಖರ್ಚೂ ಒಂದೇ.

ಬೂಟ್ ಸರಿಸಿದ ಕೂಡಲೇ ಪವರ್ ಸ್ಟೇರಿಂಗ್ ಆಯಿಲ್ ಸುರಿದರೆ ರ‍್ಯಾಕಿನ ಸೀಲ್ ಹೋಗಿದೆ. ಇದು ಹೈಡ್ರಾಲಿಕ್ (ಆಯಿಲಿನ ಒತ್ತಡದಲ್ಲಿ ನಡೆಯುವ) ಸ್ಟೇರಿಂಗಿನ ಗಾಡಿಗಳ ಕತೆ. ಎಂಥ ಒಳ್ಳೆಯ ಬೂಟ್ ಹಾಕಿದರೂ ಅದು ಆಯಿಲ್ ತುಂಬುವ ಚೀಲವಾಗುತ್ತದೆ, ಅಷ್ಟೆ. ಸ್ವಿಫ್ಟ್, ವ್ಯಾಗನ್ ಆರ್‌ನಂತೆ ಸ್ಟೇರಿಂಗ್ ಕಾಲಮ್ಮಿನಲ್ಲೇ ಮೋಟಾರ್ ಇರುವ ಗಾಡಿಗಳಲ್ಲಿ ಕೆಳಗಿರುವುದು ಸಾದಾ ಮ್ಯಾನುವಲ್ ರ‍್ಯಾಕ್, ಅದರೊಳಗೆ ಹೈಡ್ರಾಲಿಕ್ ಆಯಿಲ್ ಇರುವುದೇ ಇಲ್ಲ. ಅಂಥದ್ದರಲ್ಲಿ ಎಣ್ಣೆ ಕಂಡರೆ ಮೇಲಿನಿಂದ ಇಂಜಿನ್ ಆಯಿಲೋ ಗೇರ್ ಆಯಿಲೋ ಸೋರುತ್ತಿದೆಯೇ ಎಂದು ಹುಡುಕಿ. ಅದನ್ನು ನಿಲ್ಲಿಸದೆ ಹಾಕಿದ ಹೊಸ ಬೂಟ್ ಕೂಡ ಊದುತ್ತದೆ.

ಯಾವ ಅಳತೆಗಳು ಬೇಕು

ಹೊಂದುತ್ತದೆ ಎನ್ನಬೇಕಾದರೆ ಐದು ಸಂಗತಿಗಳು ಕೂಡಿಬರಬೇಕು: ಹೌಸಿಂಗಿಗೆ ಕೂರುವ ದೊಡ್ಡ ಬಾಯಿ, ಟೈ ರಾಡಿಗೆ ಕೂರುವ ಸಣ್ಣ ಬಾಯಿ, ಹಿಗ್ಗುವ ಉದ್ದ, ಮಡಿಕೆಗಳ ಹೊರಸುತ್ತು ಮತ್ತು ಗಾಳಿಯ ದಾರಿ.

ಅಳತೆ ತೆಗೆಯಬೇಕಾದ್ದು ಲೋಹದ ಮೇಲೆ. ಹಳೆಯ ಬೂಟನ್ನು ಅಂಗಡಿಗೆ ಒಯ್ಯಿರಿ, ಆಕಾರ ಮತ್ತು ಮಡಿಕೆ ಎಣಿಸುವುದಕ್ಕೆ ಅದು ಬೇಕು. ಆದರೆ ವರ್ಷಗಟ್ಟಲೆ ಆಯಿಲ್ ಕುಡಿದು ಊದಿದ, ಕ್ಲಿಪ್ಪಿನಡಿ ಚಪ್ಪಟೆಯಾದ ರಬ್ಬರಿನ ಬಾಯಿಯನ್ನು ಅಳೆದರೆ ಎರಡು ಮೂರು ಮಿ.ಮೀ. ಎಲ್ಲೋ ತಪ್ಪುತ್ತದೆ. ಹೌಸಿಂಗಿನ ತುದಿಯನ್ನು ವೈರ್ ಬ್ರಶ್ಶಿನಲ್ಲಿ ಉಜ್ಜಿ, ಬೂಟ್ ಕೂರುವ ಗ್ರೂವಿನ (ಸುತ್ತ ಕೊರೆದ ತಗ್ಗಿನ) ತಳದಲ್ಲೇ ವರ್ನಿಯರ್ ಇಡಿ. ಅದರ ಅಂಚಿನ ಉಬ್ಬಿನ ಮೇಲಲ್ಲ. ವರ್ನಿಯರ್ ಇಲ್ಲದಿದ್ದರೆ ಕಾಗದದ ಪಟ್ಟಿ ಸುತ್ತಿ, ಸುತ್ತಳತೆಯನ್ನು 3.14ರಿಂದ ಭಾಗಿಸಿ. 132 ಮಿ.ಮೀ. ಬಂದರೆ ವ್ಯಾಸ 42. ಹೊಸ ರಬ್ಬರ್ ಬೂಟಿನ ಬಾಯಿ ಅದಕ್ಕಿಂತ 1ರಿಂದ 2 ಮಿ.ಮೀ. ಕಡಿಮೆಯಿದ್ದರೆ ಬಿಗಿಯಾಗಿ ಕೂರುತ್ತದೆ. ಬಾಯಿ ದೊಡ್ಡದಾಗಿ, ಕ್ಲಿಪ್ ಹಾಕಿ ಬಿಗಿದರಾಯಿತು ಎಂದುಕೊಂಡರೆ ರಬ್ಬರ್ ಒಂದೆಡೆ ನಿರಿಗೆ ಕಟ್ಟುತ್ತದೆ. ನೀರು ನುಗ್ಗುವುದು ಆ ನಿರಿಗೆಯ ಸಂದಿಯಿಂದಲೇ.

ಟೈ ರಾಡಿನಲ್ಲಿಯೂ ಸಣ್ಣ ಬಾಯಿ ಕೂರುವ ಗ್ರೂವ್ ಇರುತ್ತದೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಒಳಗೆ. ಇಲ್ಲಿ ತೀರಾ ಬಿಗಿಯೂ ಆಗಬಾರದು. ಅಲೈನ್‌ಮೆಂಟ್ ಮಾಡುವಾಗ ಟೈ ರಾಡ್ ತಿರುಗಬೇಕು, ಬೂಟ್ ತಿರುಗಬಾರದು.

ಉದ್ದವನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಬೂಟ್ ಹರಿಯುವುದಕ್ಕೆ ಅದೂ ಒಂದು ಕಾರಣ. ಸ್ಟೇರಿಂಗ್ ನೇರ ಇದ್ದಾಗ, ಎಡಕ್ಕೆ ಪೂರ್ತಿ ತಿರುಗಿಸಿದಾಗ, ಬಲಕ್ಕೆ ಪೂರ್ತಿ ತಿರುಗಿಸಿದಾಗ, ಹೀಗೆ ಮೂರು ಸಲ ಒಂದು ಗ್ರೂವಿನಿಂದ ಇನ್ನೊಂದಕ್ಕೆ ಅಳೆದು ಬರೆದುಕೊಳ್ಳಿ. ಉದಾಹರಣೆಗೆ ನೇರ 150, ಹಿಗ್ಗಿದಾಗ 220, ಕುಗ್ಗಿದಾಗ 80 ಮಿ.ಮೀ. ಬಂತೆನ್ನಿ. ಕೈಯಲ್ಲಿ ಹಿಡಿದ ಹೊಸ ಬೂಟ್ 220ಕ್ಕೆ ಎಳೆದಾಗಲೂ ಮಡಿಕೆಗಳು ಪೂರ್ತಿ ಚಪ್ಪಟೆಯಾಗದೆ ಉಳಿಯಬೇಕು, 80ಕ್ಕೆ ಒತ್ತಿದಾಗ ಮಡಿಕೆ ಒಳಮುಖವಾಗಿ ಹೊರಳಬಾರದು. ಊರೊಳಗೆ ಓಡಿಸುವಾಗ ಪೂರ್ತಿ ತಿರುವು ಅಪರೂಪ. ಆಗುಂಬೆ, ಚಾರ್ಮಾಡಿ ಹತ್ತುವಾಗ ಹೇರ್‌ಪಿನ್ ತಿರುವುಗಳಲ್ಲಿ ಬೂಟ್ ಕೊನೆಯವರೆಗೂ ಹಿಗ್ಗುತ್ತದೆ. ಗಿಡ್ಡ ಬೂಟಾದರೆ ಸಣ್ಣ ತುದಿ ಗ್ರೂವಿನಿಂದ ಕಳಚಿ, ತಿರುಗಿ ಬಂದು ಕೂರದೆ ಅಲ್ಲೇ ನಿಲ್ಲುತ್ತದೆ.

ಮಡಿಕೆಗಳ ಹೊರಸುತ್ತು ದೊಡ್ಡದಾದರೆ ಸ್ಟೆಬಿಲೈಜರ್ ಬಾರಿಗೋ ಸಬ್‌ಫ್ರೇಮಿಗೋ ಉಜ್ಜುತ್ತದೆ. ಇದನ್ನು ಅಳೆಯಬೇಕೆಂದಿಲ್ಲ, ನಡುವೆ ಎರಡು ಬೆರಳು ಸಂದು ಇದೆಯೇ ಎಂದು ನೋಡಿಕೊಂಡರೆ ಸಾಕು.

ಗಾಳಿಯ ದಾರಿ ಮುಖ್ಯ. ಸ್ಟೇರಿಂಗ್ ತಿರುಗಿಸಿದಾಗ ಒಂದು ಬದಿಯ ಬೂಟ್ ಕುಗ್ಗಿ ಇನ್ನೊಂದು ಹಿಗ್ಗುತ್ತದೆ, ಒಳಗಿನ ಗಾಳಿ ಇತ್ತಿಂದತ್ತ ಹೋಗಬೇಕು. ಮ್ಯಾನುವಲ್ ರ‍್ಯಾಕುಗಳಲ್ಲಿ ಸಾಮಾನ್ಯವಾಗಿ ಹೌಸಿಂಗಿನ ಒಳಗಿಂದಲೇ ಹೋಗುತ್ತದೆ. ಹಲವು ಹೈಡ್ರಾಲಿಕ್ ರ‍್ಯಾಕುಗಳಲ್ಲಿ ಎರಡು ಬೂಟುಗಳನ್ನು ಜೋಡಿಸುವ ಸಪೂರ ಪೈಪೊಂದು ಹೊರಗೆ ಇರುತ್ತದೆ, ಬೂಟಿನ ದೊಡ್ಡ ಬಾಯಿಯ ಪಕ್ಕ ಅದಕ್ಕೊಂದು ತೂತು. ಆ ತೂತಿಲ್ಲದ ಬೂಟ್ ಹಾಕಿದರೆ ಒಂದು ಬದಿ ಬಲೂನಿನಂತೆ ಉಬ್ಬಿ, ಇನ್ನೊಂದು ಬದಿ ಒಳಗೆ ಹೀರಿಕೊಂಡು ರಾಡಿಗೆ ಉಜ್ಜಿ ಹರಿಯುತ್ತದೆ.

ಎಡ–ಬಲ ಒಂದೇ ಎಂದುಕೊಳ್ಳಬೇಡಿ. ಪಿನಿಯನ್ (ರ‍್ಯಾಕನ್ನು ಸರಿಸುವ ಹಲ್ಲಿನ ಚಕ್ರ) ಇರುವ ಬದಿಯಲ್ಲಿ ಹೌಸಿಂಗಿನ ಬಾಯಿ ಬೇರೆ ಅಳತೆಯದ್ದಾಗಿರುವ ರ‍್ಯಾಕುಗಳು ಎಷ್ಟೋ ಇವೆ. ಆನ್‌ಲೈನ್ ಪಟ್ಟಿ ವಿದೇಶದ್ದಾದರೆ ಅಲ್ಲಿ ಡ್ರೈವರ್ ಎಡಕ್ಕೆ, ಇಲ್ಲಿ ಬಲಕ್ಕೆ. ಹಾಗಾಗಿ 'ಡ್ರೈವರ್ ಕಡೆ, ಪಿನಿಯನ್ ಕಡೆ' ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಕಂಪೆನಿಯ ಬೂಟ್

ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿದರೆ ಮೇಲಿನ ಐದೂ ಸಂಗತಿ ತಾವಾಗಿಯೇ ಹೊಂದುತ್ತವೆ. ಕಾರಿನ ಹೆಸರು, ವರ್ಷ ಮಾತ್ರ ಹೇಳಿದರೆ ಸಾಲದು. ಒಂದೇ ಮಾದರಿಗೆ, ಒಂದೇ ವರ್ಷದಲ್ಲಿ ಎರಡು ತಯಾರಕರ ರ‍್ಯಾಕ್ ಹಾಕಿರುವುದುಂಟು. ತೊಂದರೆ ಎರಡು: ಸ್ಟಾಕ್ ಇಲ್ಲದಿದ್ದರೆ ಕಾಯಬೇಕು, ಮತ್ತು ಕ್ಲಿಪ್ ಕೆಲವೊಮ್ಮೆ ಬೇರೆ ಪಾರ್ಟ್ ನಂಬರಿನಲ್ಲಿ ಇರುತ್ತದೆ. ಆರ್ಡರ್ ಹಾಕುವಾಗಲೇ ಕ್ಲಿಪ್ಪುಗಳನ್ನೂ ಸೇರಿಸಿ, ಇಲ್ಲವಾದರೆ ಹೊಸ ಬೂಟಿಗೆ ತುಕ್ಕು ಹಿಡಿದ ಹಳೆಯ ಕ್ಲಿಪ್ಪೇ ಗತಿ. ವಾರಂಟಿ ಇರುವ ಗಾಡಿಗೆ ಬೇರೆ ಆಯ್ಕೆಯ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ.

ಬೂಟ್ ಬಿಡಿಯಾಗಿ ಇಲ್ಲ, ರ‍್ಯಾಕ್ ಅಸೆಂಬ್ಲಿ ಮಾತ್ರ ಎಂದರೆ ಒಪ್ಪಿಕೊಳ್ಳಬೇಡಿ. ಬೂಟ್ ನೂರುಗಳ ಲೆಕ್ಕ, ರ‍್ಯಾಕ್ ಸಾವಿರಗಳ ಲೆಕ್ಕ.

ರ‍್ಯಾಕ್ ತಯಾರಕರ ಬೂಟ್

ಕಾರಿನ ಕಂಪೆನಿಗಳು ರ‍್ಯಾಕನ್ನು ತಾವೇ ಮಾಡುವುದು ಕಡಿಮೆ. ನಮ್ಮ ದೇಶದಲ್ಲಿ ರಾಣೆ, ಝಡ್‌ಎಫ್ ರಾಣೆ, 2018ರವರೆಗೆ ಸೋನಾ ಕೋಯೋ ಎಂಬ ಹೆಸರಿದ್ದ ಜೆಟೆಕ್ಟ್ ಇಂಡಿಯಾ ಇಂಥವರದ್ದು ದೊಡ್ಡ ಪಾಲು. ಹೌಸಿಂಗನ್ನು ಒರೆಸಿ ನೋಡಿದರೆ ತಯಾರಕರ ಗುರುತು ಅಚ್ಚಿನಲ್ಲೋ ಲೇಬಲಿನಲ್ಲೋ ಇರುತ್ತದೆ, ಅದರ ಫೋಟೋ ತೆಗೆದುಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ಅದೇ ತಯಾರಕರ ಹೆಸರಿನಲ್ಲಿ ಬೂಟೋ ರ‍್ಯಾಕ್ ಎಂಡ್ ಕಿಟ್ಟೋ ಸಿಕ್ಕಿದರೆ ಅದೇ ನನ್ನ ಮೊದಲ ಆಯ್ಕೆ. ಕಾರಿನ ಕಂಪೆನಿಯ ಡಬ್ಬಿಗೆ ಕೊಡುವ ಹೆಚ್ಚಿನ ದುಡ್ಡು ಉಳಿಯುತ್ತದೆ. ಮಾರುತಿಯಂಥ ಹೆಚ್ಚು ಓಡುವ ಗಾಡಿಗಳಿಗೆ ಇದು ಸುಲಭ, ಕಡಿಮೆ ಮಾರಾಟವಾದ ಮಾದರಿಗಳಿಗೆ ಸಿಗುವುದು ಕಷ್ಟ.

ಲೋಕಲ್ ಬೂಟ್

ಲೋಕಲ್ ಎಂದ ಕೂಡಲೇ ಕೆಟ್ಟದ್ದು ಅನ್ನುವಂತಿಲ್ಲ. ಇಲ್ಲಿ ಇಡೀ ಪ್ರಶ್ನೆ ರಬ್ಬರಿನದ್ದು. ಕ್ಲೋರೋಪ್ರೀನ್ ರಬ್ಬರ್ ಗಾಳಿ, ಬಿಸಿಲು, ಅಷ್ಟಿಷ್ಟು ಆಯಿಲ್ ಮೂರನ್ನೂ ತಡೆಯುತ್ತದೆ. ಇಪಿಡಿಎಂ ಎಂಬ ರಬ್ಬರ್ ಮಳೆ–ಬಿಸಿಲಿಗೆ ಬಹಳ ಗಟ್ಟಿ, ಆಯಿಲ್ ತಾಗಿದರೆ ಊದುತ್ತದೆ. ಅಡಿಭಾಗಕ್ಕೆ ಆಯಿಲ್ ಹೊಡೆಸುವ ಗಾಡಿಗೆ ಅದು ಬೇಡ. ಸಾದಾ ನೈಸರ್ಗಿಕ ರಬ್ಬರಿಗೆ ಎಳೆತ ಚೆನ್ನಾಗಿದೆ, ಆದರೆ ಗಾಳಿಯಲ್ಲಿರುವ ಓಝೋನಿಗೆ ಮಡಿಕೆಯ ತಳದಲ್ಲಿ ಬಿರುಕು ಬಿಡುತ್ತದೆ, ಆಯಿಲನ್ನೂ ತಡೆಯದು. ಅಗ್ಗದ ಬೂಟುಗಳಲ್ಲಿ ಇದಕ್ಕೆ ಮರುಬಳಕೆಯ ರಬ್ಬರ್ ಬೆರೆಸಿರುತ್ತಾರೆ.

ಅಂಗಡಿಯ ಕೌಂಟರಿನಲ್ಲೇ ನೋಡಬಹುದಾದ್ದು ಇಷ್ಟು: ಬೂಟನ್ನು ಹಿಗ್ಗಿಸಿ, ಮಡಿಕೆಯ ತಳಗಳನ್ನು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ, ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗಿದ್ದರೂ ಬೇಡ. ಬಾಯಿಯ ಒಳಗೆ ಬೆರಳಾಡಿಸಿ. ಅಚ್ಚಿನ ಜೋಡಣೆಯ ಗೆರೆ ಉಬ್ಬಿಕೊಂಡಿದ್ದರೆ ಅಲ್ಲಿ ಸೀಲ್ ಆಗುವುದಿಲ್ಲ. ಮಡಿಕೆಯೊಂದನ್ನು ಚಿವುಟಿ ಬಿಟ್ಟರೆ ಕೂಡಲೇ ಮೊದಲಿನಂತಾಗಬೇಕು. ವರ್ಷಗಟ್ಟಲೆ ಶೆಲ್ಫಿನಲ್ಲಿ ಮಡಿಸಿ ಬಿದ್ದಿದ್ದ ಬೂಟ್ ಹಾಗೆ ಆಗುವುದಿಲ್ಲ.

ಈ ಪರೀಕ್ಷೆ ಟಿಪಿಇ ಎಂಬ ಪ್ಲಾಸ್ಟಿಕ್‌ನಂಥ ಹೊಳಪಿನ ಬೂಟಿಗೆ ಅನ್ವಯಿಸುವುದಿಲ್ಲ. ಅದು ಹುಟ್ಟುವಾಗಲೇ ಗಡಸು. ಬಾಳಿಕೆಯಲ್ಲಿ ರಬ್ಬರಿಗಿಂತ ಮೇಲು, ಕಲ್ಲು ತಾಗಿದರೂ ಬೇಗ ಹರಿಯುವುದಿಲ್ಲ. ಆದರೆ ಬಾಯಿ ಎಳೆದರೆ ಹಿಗ್ಗುವುದಿಲ್ಲ, ಕ್ಲಿಪ್ ಬಿಗಿದರೆ ಕುಗ್ಗುವುದೂ ಇಲ್ಲ. ರಬ್ಬರಿನಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸ ಹೊಂದಿಕೊಳ್ಳುತ್ತದೆ, ಟಿಪಿಇಯಲ್ಲಿ ಹೊಂದದು. ನಿಮ್ಮ ಗಾಡಿಯಲ್ಲಿ ಮೂಲದಲ್ಲಿ ಇದ್ದದ್ದು ಟಿಪಿಇ ಆಗಿ, ಅದೇ ಅಳತೆಯದ್ದು ಸಿಕ್ಕರೆ ಮಾತ್ರ ಅದನ್ನೇ ಕೊಳ್ಳಿ.

ಯೂನಿವರ್ಸಲ್ ಬೂಟ್

ಎರಡೂ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ ವ್ಯಾಸದ ಬಾಯಿಗಳಿದ್ದು, ಬೇಕಾದ ಅಳತೆಗೆ ಕತ್ತರಿಸಿಕೊಳ್ಳುವ ಬೂಟ್ ಇದು. ಸ್ವಿಫ್ಟಿಗೋ ಐ10ಕ್ಕೋ ಇದನ್ನು ಕೊಳ್ಳುವುದಕ್ಕೆ ಕಾರಣವಿಲ್ಲ. ಉಪಯೋಗವಾಗುವುದು ಪಾರ್ಟ್ ಸಿಗದ ಗಾಡಿಗಳಿಗೆ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಭಾರತದ ತಯಾರಿಕೆ ಮುಗಿಸುವುದಾಗಿ ಘೋಷಿಸಿತು. ಇವರ ಕಾರುಗಳು, ಇನ್ನೂ ಹಳೆಯ ಓಪೆಲ್‌ನಂಥವು ನಮ್ಮ ಊರುಗಳಲ್ಲಿ ಓಡುತ್ತಲೇ ಇವೆ. ಅವುಗಳ ಮಾಲೀಕರಿಗೆ ಇದು ನ್ಯಾಯವಾದ ಆಯ್ಕೆ.

ಕತ್ತರಿಸುವಾಗ ಹೊಸ ಬ್ಲೇಡ್ ಬಳಸಿ, ಗುರುತಿನ ಗೆರೆಯ ಉದ್ದಕ್ಕೂ ಒಂದೇ ಸುತ್ತಿನಲ್ಲಿ ಕೊಯ್ಯಿರಿ. ಮೊದಲು ಒಂದು ಮೆಟ್ಟಿಲು ಸಣ್ಣ ಅಳತೆಗೆ ಕತ್ತರಿಸಿ ಹಾಕಿ ನೋಡಿ. ಸಾಲದಿದ್ದರೆ ಇನ್ನೊಂದು ಮೆಟ್ಟಿಲು ತೆಗೆಯಬಹುದು, ತೆಗೆದದ್ದನ್ನು ಅಂಟಿಸಲಾಗದು. ಎರಡು ದೋಷಗಳನ್ನು ತಿಳಿದೇ ಕೊಳ್ಳಬೇಕು. ಗಾಳಿಯ ಪೈಪಿನ ತೂತು ಇದರಲ್ಲಿ ಇರುವುದಿಲ್ಲ, ಆದ್ದರಿಂದ ಹೊರಗೆ ಪೈಪಿರುವ ರ‍್ಯಾಕಿಗೆ ಬೇಡ. ಸಿಲಿಕೋನಿನದ್ದಾದರೆ ಬಿಸಿಗೂ ಬಿಸಿಲಿಗೂ ಜಗ್ಗುವುದಿಲ್ಲ, ಆದರೆ ಚೂಪು ಕಲ್ಲು ತಾಗಿ ಸಣ್ಣ ಸೀಳು ಬಿದ್ದರೆ ಬೇಗ ಉದ್ದಕ್ಕೆ ಹರಿಯುತ್ತದೆ. ತೋಟದ ಕಚ್ಚಾ ದಾರಿಯಲ್ಲಿ ದಿನಾ ಓಡುವವರು ರಬ್ಬರಿನದ್ದನ್ನೇ ಹುಡುಕಿ.

ಸೀಳು ಬೂಟ್, ಗುಜರಿ ಬೂಟ್

ಉದ್ದಕ್ಕೆ ಸೀಳಿದ್ದು, ಟೈ ರಾಡ್ ಬಿಚ್ಚದೆ ಸುತ್ತಿ ಅಂಟಿಸುವ ಬೂಟ್ ಕೂಲಿ, ಅಲೈನ್‌ಮೆಂಟ್ ಎರಡನ್ನೂ ಉಳಿಸುತ್ತದೆ. ಬಾಳಿಕೆ ಅಂಟಿನಷ್ಟೇ. ಹಿಗ್ಗಿ ಕುಗ್ಗುವ ಜಾಗದಲ್ಲಿ ಗಟ್ಟಿಯಾಗಿ ಒಣಗುವ ಅಂಟು ಒಡೆಯುತ್ತದೆ, ಮಳೆಗಾಲದ ತೇವದಲ್ಲಿ ಅಂಟಿಸಿದ್ದು ಇನ್ನೂ ಬೇಗ. ಮಳೆ ನಡುವೆ ಬೂಟ್ ಹರಿದು, ಸರಿಯಾದದ್ದು ಬರುವವರೆಗೆ ಓಡಿಸಲೇಬೇಕಾದಾಗ ಹಾಕಿ, ಜೋಡಣೆಯನ್ನು ಮೇಲ್ಮುಖವಾಗಿ ಇಡಿ. ಗುಜರಿಯಿಂದ ರ‍್ಯಾಕ್ ತರಬಹುದು, ಬೂಟ್ ತರಬೇಡಿ. ಅದರ ರಬ್ಬರಿಗೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ.

ಕ್ಲಿಪ್ ಮತ್ತು ಜೋಡಣೆ

ಒಳ್ಳೆಯ ಬೂಟ್ ಕೆಟ್ಟ ಕ್ಲಿಪ್ಪಿನಿಂದ ಸೋಲುವುದು ಈ ಕಡೆ ದಿನನಿತ್ಯದ ಸಂಗತಿ. ದೊಡ್ಡ ಬಾಯಿಗೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಬೇಕು. ಕಿವಿ ಹಿಂಡಿ ಬಿಗಿಯುವ ಕ್ಲಿಪ್ ಸುತ್ತಲೂ ಒಂದೇ ಸಮ ಒತ್ತುತ್ತದೆ, ಒಮ್ಮೆ ಬಿಚ್ಚಿದರೆ ಹೊಸದು ಬೇಕು. ಸ್ಕ್ರೂ ಕ್ಲಿಪ್ ಮತ್ತೆ ಮತ್ತೆ ಬಳಸಬಹುದು, ಆದರೆ 9 ಮಿ.ಮೀ. ಅಗಲದ್ದನ್ನೇ ಕೇಳಿ. 12 ಮಿ.ಮೀ. ಅಗಲದ್ದು ಎಷ್ಟೋ ಬೂಟುಗಳ ಗ್ರೂವಿನಲ್ಲಿ ಕೂರದೆ ಅಂಚನ್ನು ಕಡಿಯುತ್ತದೆ. ದೊಡ್ಡ ಬಾಯಿಗೆ ಕೇಬಲ್ ಟೈ ಬಿಗಿದು ಕೊಟ್ಟರೆ ಒಪ್ಪಬೇಡಿ. ಸಣ್ಣ ತುದಿಗೆ ಸ್ಪ್ರಿಂಗ್ ಕ್ಲಿಪ್ ಸಾಕು.

ಬಿಚ್ಚುವಾಗ ಲಾಕ್ ನಟ್ ಸಡಿಲಿಸಿ, ಟೈ ರಾಡ್ ಎಂಡ್ ಎಷ್ಟು ಸುತ್ತಿಗೆ ಕಳಚಿತು ಎಂದು ಎಣಿಸಿ ಬರೆದಿಡಿ. ಅಷ್ಟೇ ಸುತ್ತು ಹಾಕಿದರೆ ಅಲೈನ್‌ಮೆಂಟ್ ಅಂಗಡಿಯವರೆಗೆ ಗಾಡಿ ನೇರ ಹೋಗುತ್ತದೆ. ಟೈ ರಾಡ್ ಎಂಡನ್ನು ಪುಲ್ಲರಿನಲ್ಲಿ ತೆಗೆಸಿ. ಫೋರ್ಕ್ ಹಾಕಿ ಹೊಡೆದರೆ ಅದರ ಸಣ್ಣ ರಬ್ಬರ್ ಟೊಪ್ಪಿ ಹರಿದು ಇನ್ನೊಂದು ಖರ್ಚು. ಹೊಸ ಬೂಟಿನ ಸಣ್ಣ ಬಾಯಿಯೊಳಗೆ ಸಿಲಿಕೋನ್ ಗ್ರೀಸ್ ಸವರಿ. ದೊಡ್ಡ ಬಾಯಿ ಕೂರುವಲ್ಲಿ ಏನೂ ಸವರಬೇಡಿ, ಅಲ್ಲಿ ಜಾರಬಾರದು. ಸ್ಟೇರಿಂಗ್ ನೇರ ಇಟ್ಟು, ಮಡಿಕೆ ತಿರುಚಿಲ್ಲವೆಂದು ನೋಡಿದ ಮೇಲೆಯೇ ಕ್ಲಿಪ್ ಬಿಗಿಯಬೇಕು. ಆಮೇಲೆ ಎಡ, ಬಲ ಪೂರ್ತಿ ತಿರುಗಿಸಿ, ಎರಡೂ ಬೂಟ್ ಉಬ್ಬದೆ ಹೀರದೆ ಹಿಗ್ಗುತ್ತಿವೆಯೇ ನೋಡಿ.

ಅಲೈನ್‌ಮೆಂಟ್ ಅಂಗಡಿಯಲ್ಲಿ ಪಕ್ಕದಲ್ಲೇ ನಿಲ್ಲಿ. ಸಣ್ಣ ಕ್ಲಿಪ್ ಸಡಿಲಿಸದೆ ಟೈ ರಾಡ್ ತಿರುಗಿಸಿದರೆ ಬೂಟ್ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ, ಆ ತಿರುಚಿನಲ್ಲೇ ಮುಂದೆ ಸೀಳುತ್ತದೆ.

ಯಾರಿಗೆ ಯಾವುದು

ಐದಾರು ವರ್ಷವಾದರೂ ಇಟ್ಟುಕೊಳ್ಳುವ ಗಾಡಿಗೆ ರ‍್ಯಾಕ್ ತಯಾರಕರ ಬೂಟ್, ಸಿಗದಿದ್ದರೆ ಕಂಪೆನಿಯದ್ದು. ಘಾಟಿಯಲ್ಲಿ ವಾರಕ್ಕೆರಡು ಸಲ ಹತ್ತಿಳಿಯುವ ಟ್ಯಾಕ್ಸಿಗೂ ಇದೇ, ಜತೆಗೆ ಎರಡೂ ಬದಿ ಒಟ್ಟಿಗೆ ಬದಲಿಸಿ. ಒಂದು ಹರಿದಿದ್ದರೆ ಇನ್ನೊಂದಕ್ಕೂ ಅಷ್ಟೇ ವಯಸ್ಸು, ಅಲೈನ್‌ಮೆಂಟಿಗೆ ಎರಡು ಸಲ ದುಡ್ಡು ಕೊಡುವುದು ತಪ್ಪುತ್ತದೆ. ಊರೊಳಗೇ ಓಡುವ ಹಳೆಯ ಆಲ್ಟೊ, ಸ್ಯಾಂಟ್ರೊಗಳಿಗೆ ಅಳತೆಗೆ ಹೊಂದುವ ಕ್ಲೋರೋಪ್ರೀನ್ ಲೋಕಲ್ ಬೂಟ್ ಧಾರಾಳ ಸಾಕು. ಉಳಿದ ಹಣವನ್ನು ಸ್ಟೇನ್‌ಲೆಸ್ ಕ್ಲಿಪ್ಪಿಗೆ ಹಾಕಿ. ಮಾರಾಟಕ್ಕಿಟ್ಟ ಗಾಡಿಗೂ ಅದೇ. ಕಂಪೆನಿ ಬಾಗಿಲು ಹಾಕಿದ ಗಾಡಿಗೆ ಮೊದಲು ಅಳತೆ ಹಿಡಿದು ಬೇರೆ ಕಾರಿನ ಬೂಟ್ ಹೊಂದುತ್ತದೆಯೇ ಎಂದು ಅಂಗಡಿಯಲ್ಲಿ ನಾಲ್ಕಾರು ಡಬ್ಬಿ ತೆಗೆಸಿ ನೋಡಿ, ಎಷ್ಟೋ ಸಲ ಹೊಂದುತ್ತದೆ. ಯೂನಿವರ್ಸಲ್ ಆಮೇಲಿನ ಮಾತು.

ಹಾಕಿಸಿ ತಿಂಗಳಾದ ಮೇಲೆ, ಇಲ್ಲವೇ ಮೊದಲ ದೊಡ್ಡ ಮಳೆಯ ವಾರ ಕಳೆದ ಮೇಲೆ ಚಕ್ರವನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಟಾರ್ಚ್ ಹಿಡಿದು ದೊಡ್ಡ ಬಾಯಿಯ ಸುತ್ತ ನೋಡಿ. ಕೆಂಪು ಮಣ್ಣಿನ ಗೆರೆಯೊಂದು ಬಾಯಿಯ ಅಂಚಿನಿಂದ ಒಳಗೆ ಹೋದಂತೆ ಕಂಡರೆ ಕ್ಲಿಪ್ ಬಿಚ್ಚಿ ಒಳಗೆ ಒರೆಸಿ, ಬೂಟ್ ಸರಿಯಾಗಿ ಕೂರಿಸಿ ಮತ್ತೆ ಬಿಗಿಸಿ.